ಕತ್ತಿನ ರಕ್ತನಾಳದಲ್ಲಿ ಕೊಬ್ಬು: ಟ್ರಯಲ್‌ಗೆ ಸೇರುವ ಮುನ್ನ

ಕತ್ತಿನ ಡಾಪ್ಲರ್, ಅಂದರೆ ರಕ್ತದ ಓಟ ನೋಡುವ ಸ್ಕ್ಯಾನ್, ಅದರ ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ನಾಳ ಎಷ್ಟು ಕಟ್ಟಿದೆ ಎನ್ನುವ ಶೇಕಡಾ ಅಂಕಿಯ ಮೇಲೆ. ಅದನ್ನು ಹೆಚ್ಚಾಗಿ ರಕ್ತ ಓಡುವ ವೇಗದಿಂದ ಅಂದಾಜು ಮಾಡುತ್ತಾರೆ ಎನ್ನುವುದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ದಾರಿ ಕಿರಿದಾದಷ್ಟೂ ರಕ್ತ ಅಲ್ಲಿ ಜೋರಾಗಿ ನುಗ್ಗುತ್ತದೆ. ರಿಪೋರ್ಟಿನಲ್ಲಿ ‘ಪಿಎಸ್‌ವಿ’ ಎಂದು ಬರೆದಿರುವುದು ಅದೇ ವೇಗ. ಮಿದುಳಿಗೆ ಹೋಗುವ ಕ್ಯಾರೊಟಿಡ್ ರಕ್ತನಾಳದಲ್ಲಿ ಅದು ಸೆಕೆಂಡಿಗೆ 230 ಸೆಂಟಿಮೀಟರ್ ದಾಟಿದರೆ, ನಾಳ ಶೇ 70ರಷ್ಟೋ ಅದಕ್ಕಿಂತ ಜಾಸ್ತಿಯೋ ಕಟ್ಟಿದೆ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ.

ಸರಿ, ಶೇ 70 ಆಯಿತು. ಮುಂದೇನು? ಕತ್ತು ಕೊಯ್ದು ಒಳಗಿನ ಕೊಬ್ಬನ್ನು ತೆಗೆಸಬೇಕಾ, ಸ್ಟೆಂಟ್ ಹಾಕಿಸಬೇಕಾ, ಮಾತ್ರೆ ಸಾಕಾ? ಈ ಪ್ರಶ್ನೆಗೆ ಇವತ್ತು ಡಾಕ್ಟರು ಹೇಳುವ ಉತ್ತರದ ಹಿಂದೆ ಸಾವಿರಾರು ರೋಗಿಗಳಿದ್ದಾರೆ. ತಮಗೆ ಯಾವ ಚಿಕಿತ್ಸೆ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲು ಒಪ್ಪಿಕೊಂಡವರು ಅವರು. ಕ್ಲಿನಿಕಲ್ ಟ್ರಯಲ್ ಅಂದರೆ ಮುಖ್ಯವಾಗಿ ಇದೇ.

ಟ್ರಯಲ್ ಹುಡುಕುವ ಮೊದಲು ಒಂದು ಮಾತು. ಕೆಲವು ನಿಮಿಷ ಒಂದು ಕೈ ಸ್ವಾಧೀನ ತಪ್ಪಿತ್ತಾ? ಮಾತು ತೊದಲಿತ್ತಾ? ಒಂದು ಕಣ್ಣು ಮಂಜಾಗಿ ಮತ್ತೆ ಸರಿಹೋಯಿತಾ? ಹಾಗಿದ್ದರೆ ಅದು ಮಿನಿ ಸ್ಟ್ರೋಕ್ ಇರಬಹುದು. ಸರಿಹೋಯಿತಲ್ಲ ಅಂತ ಸುಮ್ನೆ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಇಂಥವರಲ್ಲಿ ನಾಳ ಶೇ 70ಕ್ಕಿಂತ ಜಾಸ್ತಿ ಕಟ್ಟಿದ್ದರೆ ಏನು ಮಾಡಬೇಕು ಎನ್ನುವುದನ್ನು ಉತ್ತರ ಅಮೆರಿಕದ ‘ನಾಸೆಟ್’ ಟ್ರಯಲ್ 1991ರಲ್ಲೇ ತೋರಿಸಿಕೊಟ್ಟಿತು. ಬರೀ ಔಷಧಿಯಲ್ಲಿದ್ದವರಲ್ಲಿ 2 ವರ್ಷದೊಳಗೆ ಆ ಬದಿಯ ಸ್ಟ್ರೋಕ್ ಆದವರು ನೂರಕ್ಕೆ 26 ಜನ, ಆಪರೇಷನ್ ಆದವರಲ್ಲಿ 9. ಲಕ್ಷಣ ಕಂಡ ಎರಡು ವಾರದೊಳಗೆ ಆಪರೇಷನ್ ಆದರೆ ಲಾಭ ಜಾಸ್ತಿ.

ತಲೆಕೆಡಿಸುವ ಗುಂಪು ಇನ್ನೊಂದು: ಏನೂ ತೊಂದರೆ ಇಲ್ಲ, ಯಾವುದೋ ಚೆಕಪ್‌ನಲ್ಲಿ ಅಕಸ್ಮಾತ್ ಸಿಕ್ಕಿಬಿದ್ದಿದೆ. 1995ರ ಒಂದು ಅಮೆರಿಕನ್ ಟ್ರಯಲ್ ಪ್ರಕಾರ ಇಂಥವರಲ್ಲಿ 5 ವರ್ಷದ ಸ್ಟ್ರೋಕ್ ಅಪಾಯ ಔಷಧಿಯಲ್ಲಿ ನೂರಕ್ಕೆ 11, ಆಪರೇಷನ್‌ನಲ್ಲಿ ಸುಮಾರು 5. ಅಲ್ಲಿಗೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಮುಗಿಯಲಿಲ್ಲ. ಆಗಿನ ಔಷಧಿ ಅಂದರೆ ಮುಖ್ಯವಾಗಿ ಆಸ್ಪಿರಿನ್. ಆಮೇಲೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಎಲ್ಲರ ಕೈಗೂ ಬಂತು, ಬಿಪಿ ಔಷಧಿ ಸುಧಾರಿಸಿತು. ಮಾತ್ರೆಯೇ ಬಲವಾದ ಮೇಲೆ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳಲೇಬೇಕಾಯಿತು.

ಹಾಗೆ ಕೇಳಿದ್ದು 2014ರಲ್ಲಿ ಶುರುವಾದ ‘ಕ್ರೆಸ್ಟ್-2’. ಅದರಲ್ಲಿ ಎರಡು ವಿಭಾಗ: ಬರೀ ಔಷಧಿಯನ್ನು ಒಂದರಲ್ಲಿ ಸ್ಟೆಂಟ್ ಜೊತೆ, ಇನ್ನೊಂದರಲ್ಲಿ ಆಪರೇಷನ್ ಜೊತೆ ಹೋಲಿಸಿದರು. ಸೇರಲು ವಯಸ್ಸು 35 ದಾಟಿರಬೇಕು, ನಾಳ ಶೇ 70ರಷ್ಟಾದರೂ ಕಟ್ಟಿರಬೇಕು, ಹಿಂದಿನ 180 ದಿನಗಳಲ್ಲಿ ಆ ಬದಿಯ ಸ್ಟ್ರೋಕ್ ಲಕ್ಷಣ ಇರಬಾರದು. ಐದು ದೇಶಗಳಿಂದ 2,485 ಜನ ಸೇರಿದರು. ಯಾವ ಗುಂಪಿಗೆ ಬಿದ್ದರೂ ಎಲ್ಲರಿಗೂ ಬಿಗಿಯಾದ ಔಷಧೋಪಚಾರ ಇತ್ತು. ಮೇಲಿನ ಬಿಪಿ 130ರ ಒಳಗೆ, ಕೆಟ್ಟ ಕೊಲೆಸ್ಟ್ರಾಲ್ 70ರ ಒಳಗೆ ಇರಬೇಕು. ಸಿಗರೇಟು, ತೂಕ, ವ್ಯಾಯಾಮದ ಬಗ್ಗೆ ಫೋನ್ ಮಾಡಿ ಬೆನ್ನು ಹತ್ತಲು ಒಬ್ಬರಿದ್ದರು. ‘ಮಾತ್ರೆ ಗುಂಪಿಗೆ ಬಿದ್ದರೆ ನಮ್ಮನ್ನು ಕೈಬಿಟ್ಟ ಹಾಗೆ’ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಎಷ್ಟೋ ಜನಕ್ಕೆ ಟ್ರಯಲ್ ಹೊರಗೆ ಇಷ್ಟು ಆರೈಕೆ ಸಿಗುವುದೇ ಇಲ್ಲ.

ಫಲಿತಾಂಶ ಬಂದಿದ್ದು 2025ರ ನವೆಂಬರ್‌ನಲ್ಲಿ. ಸ್ಟೆಂಟ್ ವಿಭಾಗದಲ್ಲಿ 4 ವರ್ಷದ ಅಪಾಯ ಬರೀ ಔಷಧಿಯಲ್ಲಿ ಶೇ 6.0, ಸ್ಟೆಂಟ್ ಸೇರಿದಾಗ ಶೇ 2.8. ಆಪರೇಷನ್ ವಿಭಾಗದಲ್ಲಿ ಶೇ 5.3 ಮತ್ತು 3.7; ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಹಾಗಾದರೆ ಆಪರೇಷನ್‌ಗಿಂತ ಸ್ಟೆಂಟ್ ಒಳ್ಳೆಯದು ಅಂತಲಾ? ಹಾಗೆ ಹೇಳಲು ಬರುವುದಿಲ್ಲ. ಇವು ಬೇರೆ ಬೇರೆ ಎರಡು ಟ್ರಯಲ್‌ಗಳು, ಒಂದರ ಎದುರು ಇನ್ನೊಂದನ್ನು ನಿಲ್ಲಿಸಿರಲಿಲ್ಲ. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ಬರೀ ಔಷಧಿಯಲ್ಲಿದ್ದವರಲ್ಲೂ ನೂರಕ್ಕೆ 94 ಜನ ನಾಲ್ಕು ವರ್ಷ ಈ ಅಪಾಯ ಮುಟ್ಟದೆ ಕಳೆದಿದ್ದಾರೆ.

ಎಲ್ಲ ಟ್ರಯಲ್‌ಗೂ ಇಷ್ಟು ಜನ ಸಿಗುವುದಿಲ್ಲ. ಜರ್ಮನ್ ಮಾತಾಡುವ ದೇಶಗಳಲ್ಲಿ ಇಂಥದ್ದೇ ಪ್ರಶ್ನೆ ಹಿಡಿದು ಹೊರಟ ‘ಸ್ಪೇಸ್-2’ಕ್ಕೆ 3,640 ಜನ ಬೇಕಿತ್ತು. ಸೇರಿದ್ದು 513. ನಿಲ್ಲಿಸಿಬಿಟ್ಟರು.

ನಮ್ಮಲ್ಲಿ ಹುಡುಕುವುದು ಎಲ್ಲಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ’, ಅಂದರೆ ಸಿಟಿಆರ್‌ಐ, 2007ರಿಂದ ಇದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ‘ಕ್ಯಾರೊಟಿಡ್’ ಎಂದು ಹುಡುಕಿ, ಸಿಗದಿದ್ದರೆ ‘ಸ್ಟ್ರೋಕ್’ ಎಂದು ಹುಡುಕಿ. ಪುಟ ಇಂಗ್ಲಿಷ್‌ನಲ್ಲಿರುತ್ತದೆ, ಉದ್ದವೂ ಇರುತ್ತದೆ, ಪೂರ್ತಿ ಓದಬೇಕಿಲ್ಲ. ನೋಂದಣಿ ಸಂಖ್ಯೆಯ ಹತ್ತಿರ ‘ಪ್ರಾಸ್ಪೆಕ್ಟಿವ್’ ಎಂದಿದ್ದರೆ ಮೊದಲ ರೋಗಿ ಸೇರುವ ಮುಂಚೆಯೇ ನೋಂದಾಯಿಸಿದ್ದಾರೆ ಅಂತ, ‘ರೆಟ್ರೋಸ್ಪೆಕ್ಟಿವ್’ ಎಂದಿದ್ದರೆ ಆಮೇಲೆ ಅಂತ. ಭಾರತದಲ್ಲಿ ಜನರನ್ನು ಈಗ ಸೇರಿಸಿಕೊಳ್ಳುತ್ತಿದ್ದಾರಾ ಎನ್ನುವುದಕ್ಕೆ ಬೇರೆ ಸಾಲಿದೆ. ಯಾವ ಆಸ್ಪತ್ರೆಗಳು, ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಸಾರ್ವಜನಿಕರು ಯಾರನ್ನು ಕೇಳಬೇಕು ಎಲ್ಲ ಅಲ್ಲೇ ಇರುತ್ತದೆ. ‘ಇಂಟ್ರಾಕ್ರೇನಿಯಲ್’ ಎಂಬ ಪದ ಕಂಡರೆ ಅದು ತಲೆಬುರುಡೆಯೊಳಗಿನ ನಾಳದ ವಿಷಯ. ಅಲ್ಲಿನ ಲೆಕ್ಕವೇ ಬೇರೆ.

ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಲ್ಲಿ ದೇಶ ಆರಿಸಿ ಹುಡುಕಬಹುದು. ಮಗಳ ಮನೆಗೆಂದು ಆರು ತಿಂಗಳು ಹೋದಾಗ ಅಲ್ಲಿ ಸೇರಿಕೊಳ್ಳೋಣ ಎನ್ನುವ ಯೋಚನೆ ಮಾತ್ರ ಕೆಲಸಕ್ಕೆ ಬರುವುದಿಲ್ಲ. ಈ ಟ್ರಯಲ್‌ಗಳು ವರ್ಷಗಟ್ಟಲೆ ಮತ್ತೆ ಮತ್ತೆ ಕರೆದು ನೋಡುತ್ತವೆ.

ಹೆಸರು ಸಿಕ್ಕಿತು ಅಂದಾಕ್ಷಣ ಸೇರಿಸಿಕೊಳ್ಳುವುದಿಲ್ಲ. ನಿಮ್ಮ ನ್ಯೂರಾಲಜಿಸ್ಟ್ ಮೂಲಕ ಹೋಗುವುದು ಒಳ್ಳೆಯದು. ಹಳೆಯ ಸ್ಕ್ಯಾನ್, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಸ್ಕ್ಯಾನ್ ಮತ್ತೆ ಮಾಡಿಸಿ, ಶೇ 70 ಅಂದಿದ್ದು 55 ಬಂದರೆ ವಾಪಸ್ ಕಳಿಸುತ್ತಾರೆ.

ಸಹಿಗೆ ಮುಂಚೆ ಕೊಡುವ ವಿವರಣೆ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿ ಕೇಳಿ, ಮನೆಗೆ ಒಯ್ದು ಓದಿ. ಟ್ರಯಲ್‌ನಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಸೇರಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಆದರೆ ಮಾಮೂಲಿ ಚಿಕಿತ್ಸೆಯ ಖರ್ಚು, ಸ್ಟೆಂಟ್, ಎಂಆರ್‌ಐ, ಬಸ್ ಚಾರ್ಜು ಯಾರದ್ದು ಎಂದು ಬಾಯಿ ಬಿಟ್ಟು ಕೇಳಿ. ಕತ್ತಿನ ಆಪರೇಷನ್‌ನಿಂದಲೇ ಕೆಲವರಿಗೆ ಸ್ಟ್ರೋಕ್ ಆಗುತ್ತದೆ. ಆದ್ದರಿಂದ ಈ ಸರ್ಜನ್ ಎಷ್ಟು ಮಾಡಿದ್ದಾರೆ, ಎಷ್ಟು ಜನಕ್ಕೆ ಹಾಗಾಗಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇನ್ನೊಂದು ಪ್ರಶ್ನೆ: ಮಾತ್ರೆ ಗುಂಪಿಗೆ ಬಿದ್ದ ಮೇಲೆ ನಾಳ ಇನ್ನೂ ಕಟ್ಟಿದರೆ, ಅಥವಾ ಕೈ ಜೋಮು ಹಿಡಿದರೆ, ಏನು ಮಾಡುತ್ತೀರಿ? ಟ್ರಯಲ್ ಸರಿಯಾಗಿ ರೂಪಿಸಿದ್ದರೆ ಇದಕ್ಕೆ ಉತ್ತರ ಅವರ ಕಾಗದದಲ್ಲಿ ಮೊದಲೇ ಬರೆದಿರುತ್ತದೆ. ಆ ಪುಟವನ್ನೇ ತೋರಿಸಲು ಹೇಳಿ.