ಕಛೇರಿಯಲ್ಲಿ ಹಾಲ್ ಲೈಟ್ ಆರಿಸಬೇಡಿ

ಸಂಗೀತ ಕಛೇರಿಗಳಿಗೆ ಮೈಕು, ಲೈಟಿನ ವ್ಯವಸ್ಥೆ ಮಾಡುವುದು ನನ್ನ ಕೆಲಸ. ಸಂಘಟಕರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಶುರುವಾದ ಕೂಡಲೇ ಹಾಲ್ ಲೈಟ್ ಎಲ್ಲಾ ಆಫ್ ಮಾಡ್ಬಿಡಿ ಸಾರ್, ಸ್ಟೇಜ್ ಎದ್ದು ಕಾಣ್ಬೇಕು.’

ನಾಟಕಕ್ಕೆ ಅದು ಸರಿ, ನೃತ್ಯಕ್ಕೂ ಬೇಕು. ಕರ್ನಾಟಕ ಸಂಗೀತಕ್ಕೆ ಬೇಡ. ಸಾಹಿತ್ಯವಿಲ್ಲದೆ ರಾಗ ಬಿಡಿಸುವ ಆಲಾಪನೆಯನ್ನು ಎಷ್ಟು ಬೆಳೆಸಬೇಕು, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್ ಇನ್ನೊಂದು ಸುತ್ತು ಹೋಗಬೇಕೋ, ಸರಿಗಮ ಹಾಡುವ ಸ್ವರಕ್ಕೆ ಇಳಿಯಬೇಕೋ, ಇದನ್ನೆಲ್ಲ ಯಾರೂ ಬರೆದಿಟ್ಟುಕೊಂಡು ಬರುವುದಿಲ್ಲ. ತೋಡಿ ರಾಗದ ಗಾಂಧಾರ ಸ್ವರದ ಮೇಲೆ ನಿಂತಾಗ ಎದುರಿಗೆ ಒಬ್ಬರು ತಲೆದೂಗಿದರೆ ಸಾಕು, ಹಾಡುವವರು ಅಲ್ಲೇ ಇನ್ನಷ್ಟು ಹೊತ್ತು ಸುಳಿದಾಡುತ್ತಾರೆ. ಮುಖಕ್ಕೆ ಲೈಟು ಹೊಡೆಯುತ್ತಿದ್ದು ಎದುರಿಗೆ ಕತ್ತಲಿದ್ದರೆ ಅವರಿಗೆ ಕಾಣುವುದು ಕಪ್ಪು ಗೋಡೆ ಮಾತ್ರ.

‘ಚಪ್ಪಾಳೆ ಕೇಳ್ಸುತ್ತಲ್ಲ ಸಾರ್?’ ಅಂತಾರೆ. ಇಲ್ಲೇ ಎಲ್ಲರೂ ಎಡವುವುದು. ಚಪ್ಪಾಳೆ ಬರುವುದು ಮುಗಿದ ಮೇಲೆ. ಅಷ್ಟರಲ್ಲಿ ರಾಗ ಮುಗಿದಿರುತ್ತದೆ, ಬದಲಾಯಿಸಲು ಏನೂ ಉಳಿದಿರುವುದಿಲ್ಲ. ತಲೆದೂಗುವುದು, ಮೆಲ್ಲಗೆ ‘ಭೇಷ್’ ಅನ್ನುವುದು, ತೊಡೆಯ ಮೇಲೆ ತಾಳ ಹಾಕುವುದು, ಇವೆಲ್ಲ ಹಾಡಿನ ಮಧ್ಯೆ ಬರುವಂಥವು. ಮಧ್ಯೆ ಬಂದರಷ್ಟೇ ಹಾಡು ತಿರುಗಲು ಸಾಧ್ಯ.

ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಇದನ್ನು ಕಣ್ಣಾರೆ ನೋಡಬಹುದು. ಎದುರಿನ ಸಾಲಿನಲ್ಲಿ ಒಬ್ಬ ಹಿರಿಯರು ಆದಿತಾಳ ಹಾಕುತ್ತಿರುತ್ತಾರೆ. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಮತ್ತೆ ತಟ್ಟಿ ಕೈ ತಿರುಗಿಸುವುದು ಎರಡು ಸಲ. ಮೃದಂಗದವರು ತಾಳದ ಲೆಕ್ಕವನ್ನು ಎಲ್ಲೆಲ್ಲೋ ಸುತ್ತಿಸಿ ತಂದು ಮುಕ್ತಾಯವನ್ನು ಎಡುಪಿಗೆ, ಅಂದರೆ ತಾಳದಲ್ಲಿ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಕೂರಿಸುತ್ತಾರೆ. ಆ ಹಿರಿಯರ ಕೈಯೂ ಅಲ್ಲೇ ಬೀಳುತ್ತದೆ. ಅಕ್ಕಪಕ್ಕದ ತಲೆಗಳೂ ಬಾಗುತ್ತವೆ. ಮೃದಂಗದವರ ಮುಖ ಅರಳುತ್ತದೆ, ಮುಂದಿನ ಲೆಕ್ಕ ಇನ್ನೂ ಕಷ್ಟದ್ದಾಗಿರುತ್ತದೆ! ಈ ಹಿರಿಯರನ್ನು ಕಂಡರೆ ನನಗೆ ತುಂಬಾ ಅಕ್ಕರೆ. ಅವರನ್ನು ಕತ್ತಲಲ್ಲಿ ಕೂರಿಸುವುದು ಅನ್ಯಾಯ ಅಲ್ವಾ?

ಹಿಂದೆ ಕಷ್ಟವಿದ್ದದ್ದು ಕೇಳಿಸುವುದರಲ್ಲಿ. ಮೈಕ್ ಇಲ್ಲದ ಕಾಲಕ್ಕೆ ಕೊನೆಯ ಸಾಲಿಗೂ ನಾದ ಮುಟ್ಟಲಿ ಅಂತ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳನ್ನು ಏಳು ಮಾಡಿದರು. ಈಗ ಕೇಳಿಸುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಕೇಳಿಸುತ್ತದೆ. ಕೇಳುಗರ ಕಡೆಯಿಂದ ವೇದಿಕೆಗೆ ಹೋಗಬೇಕಾದ್ದು ಮಾತ್ರ ಹೋಗುತ್ತಿಲ್ಲ. ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಬೆಂಗಳೂರಿನಲ್ಲಿ 1939ರಲ್ಲಿ ಶುರುವಾಯಿತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕೇಳಿದವರಿಗೆ ಗೊತ್ತು, ಜನ ಕಣ್ಣಿಗೆ ಕಾಣುವಂತಿದ್ದರೆ ಕಛೇರಿಗೆ ಎಂಥ ಕಳೆ ಬರುತ್ತದೆ ಅಂತ.

ಎಲ್ಲ ಕಲಾವಿದರೂ ಹೀಗೇ ಅಂತ ನಾನು ಹೇಳಲಾರೆ. ಕಣ್ಣು ಮುಚ್ಚಿ ಹಾಡುವವರಿದ್ದಾರೆ, ಜನರನ್ನು ನೋಡಿದರೆ ಗಮನ ಚದುರುವವರೂ ಇರಬಹುದು. ಮೊದಲೇ ಅವರನ್ನು ಕೇಳಿ. ಬೇರೆ ಏನೂ ಹೇಳದಿದ್ದರೆ ಹಾಲ್ ಲೈಟ್ ಅರ್ಧ ಇರಲಿ. ವೇದಿಕೆಯ ಲೈಟನ್ನು ನೇರ ಮುಖಕ್ಕೆ ಬಿಡದೆ ಪಕ್ಕದಿಂದ, ಮೇಲಿನಿಂದ ಬಿಡಿಸಿ. ವಿಡಿಯೊದವರ ಸ್ಟ್ಯಾಂಡು ನಡುವೆ ಬೇಡ, ಬದಿಗೆ ಹೋಗಲಿ.

ಇನ್ನು ಎದುರಿನ ಸೋಫಾಗಳು. ಸನ್ಮಾನ ಮುಗಿಯುತ್ತಲೇ ಅತಿಥಿಗಳು ಹೊರಡುತ್ತಾರೆ. ಆಮೇಲೆ ಗಾಯಕರ ಕಣ್ಣಿಗೆ ಬೀಳುವುದು ಖಾಲಿ ಸೋಫಾ, ನೀರಿನ ಬಾಟಲಿ. ಕೂಡಲೇ ಹಿಂದಿನ ಸಾಲಿನವರನ್ನು ಮುಂದಕ್ಕೆ ಕರೆದು ಕೂರಿಸಿ. ಸಂಕೋಚಕ್ಕೆ ಅವರು ತಾವಾಗಿ ಬರುವುದಿಲ್ಲ, ನೀವೇ ಹೋಗಿ ಕರೆಯಬೇಕು.