ಕಿಡ್ನಿಯಲ್ಲಿ ಕಲ್ಲಿದೆ, ಹಾಲು ರಾಗಿ ಬಿಡಬೇಕಾ?

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಎಡಗಡೆ ಕಿಡ್ನಿಯಲ್ಲಿ 5 ಎಂಎಂ ಕಲ್ಲು ಇದೆ ಅಂತ ಬಂದಿದೆ. ಕ್ಯಾಲ್ಸಿಯಂ ಕಲ್ಲಂತೆ. ಅವತ್ತಿನಿಂದ ಮನೆಯಲ್ಲಿ ನನಗೆ ಹಾಲು, ಮೊಸರು, ರಾಗಿಮುದ್ದೆ ಎಲ್ಲ ಬಂದ್. ಇನ್ನೆಷ್ಟು ದಿನ ಹೀಗೆ ಡಾಕ್ಟರೇ?

ಉತ್ತರ: ಇವತ್ತು ರಾತ್ರಿಯೇ ಮುದ್ದೆ ಉಣ್ಣಿ. ಕೊನೆಗೆ ಮೊಸರನ್ನವನ್ನೂ ಬಡಿಸಿಕೊಳ್ಳಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಬೇಸಿಗೆ ಬಂತೆಂದರೆ ದಿನಕ್ಕೆ ಇಬ್ಬರಾದರೂ ಕೇಳುತ್ತಾರೆ. 'ಬಿಡಬೇಡಿ' ಅಂದರೆ ಮುಖ ನೋಡುತ್ತಾರೆ, ಈ ಡಾಕ್ಟರಿಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ. ಮನೆಗೆ ಹೋಗಿ ಮತ್ತೆ ಹಾಲು ಬಿಡುತ್ತಾರೆ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರೂ ಬೇಜಾರಿಲ್ಲ.

ಮೊದಲು ನಿಮ್ಮ ಕಲ್ಲಿನ ಅಳತೆ. 5 ಎಂಎಂ ಅಂದರೆ ಒಂದು ತೊಗರಿಬೇಳೆಯಷ್ಟು. ಕಿಡ್ನಿಯಿಂದ ಮೂತ್ರದ ಚೀಲಕ್ಕೆ ಇಳಿಯುವ ನಾಳ ಒಂದು ಗೇಣಿಗಿಂತ ಚೂರು ಉದ್ದ, ಅಗಲ ಮಾತ್ರ 3-4 ಎಂಎಂ. ಕಲ್ಲು ಕಿಡ್ನಿಯಲ್ಲಿ ಸುಮ್ಮನೆ ಕೂತಿದ್ದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ನಾಳಕ್ಕೆ ಇಳಿದ ಮೇಲೆಯೇ ಬೆನ್ನಿನಿಂದ ಹೊರಟು ತೊಡೆಸಂದಿಯವರೆಗೆ ಹಿಂಡುವ ಆ ನೋವು. ಆದರೂ ಈ ಅಳತೆಯ ಕಲ್ಲು ಹೆಚ್ಚಿನ ಸಲ ಕೆಲವು ವಾರಗಳಲ್ಲಿ ತಾನಾಗಿಯೇ ಹೊರಗೆ ಬರುತ್ತದೆ. 10 ಎಂಎಂ ದಾಟಿದರೆ ಹಾಗೆ ಬರುವುದು ಅಪರೂಪ.

ಇನ್ನು 'ಕ್ಯಾಲ್ಸಿಯಂ ಕಲ್ಲಂತೆ' ಅಂದಿರಲ್ಲ, ಯಾರು ಹೇಳಿದ್ದು? ಮಾಮೂಲಿ ಹೊಟ್ಟೆ ಸ್ಕ್ಯಾನಿಂಗ್ ಕಲ್ಲಿನ ಅಳತೆ ಹೇಳುತ್ತದೆ, ಜಾತಿ ಹೇಳುವುದಿಲ್ಲ. ಆದರೂ ಊಹೆ ಸರಿಯೇ ಇರಬಹುದು. 100ರಲ್ಲಿ 75-80 ಕಲ್ಲುಗಳು ಕ್ಯಾಲ್ಸಿಯಂನವೇ, ಅವುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್.

ಎಡವಟ್ಟು ಆಗುವುದು ಇಲ್ಲೇ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಹಾಲಿನಲ್ಲೂ ಕ್ಯಾಲ್ಸಿಯಂ ಇದೆ, ಹಾಗಾಗಿ ಹಾಲು ಕುಡಿದರೆ ಕಲ್ಲು. ಲೆಕ್ಕ ಎಷ್ಟು ಸರಿಯಾಗಿ ಕೂರುತ್ತದೆ ಅಲ್ವಾ? ಒಂದು ಕಾಲದಲ್ಲಿ ನಾವು ಡಾಕ್ಟರುಗಳೇ ಹೀಗೆ ಹೇಳಿ ಕಳಿಸುತ್ತಿದ್ದೆವು. ಅದಕ್ಕೇ ನಿಮ್ಮ ಮನೆಯವರನ್ನು ಪೂರ್ತಿ ಬೈಯಲು ನನಗೆ ಬಾಯಿಲ್ಲ.

ಲೆಕ್ಕದಲ್ಲಿ ಬಿಟ್ಟುಹೋದದ್ದು ಕಲ್ಲಿನ ಇನ್ನೊಂದು ಪಾಲುದಾರ, ಆಕ್ಸಲೇಟ್, ಅಂದರೆ ಸೊಪ್ಪು, ಬೀಜಗಳಲ್ಲಿ ಸಹಜವಾಗಿಯೇ ಇರುವ ಒಂದು ರಾಸಾಯನಿಕ. ಇದು ನಿಮಗೆ ಹೊಸದೇನಲ್ಲ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಆ ತುರಿಕೆಗೆ ಕಾರಣ ಎಲೆಯೊಳಗಿರುವ ಸೂಜಿಯಂಥ ಹರಳುಗಳು. ಅವು ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ. ಪಾಲಕ್, ಬೀಟ್‌ರೂಟ್, ಬಾದಾಮಿ, ಗೋಡಂಬಿ, ಇವುಗಳಲ್ಲೂ ಆಕ್ಸಲೇಟ್ ಜಾಸ್ತಿ.

ಊಟದಲ್ಲಿ ಮೊಸರೂ ಸೊಪ್ಪೂ ಒಟ್ಟಿಗೆ ಇದ್ದರೆ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಕರುಳಿನಲ್ಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡದ್ದು ಕರಗುವುದಿಲ್ಲ, ರಕ್ತಕ್ಕೂ ಸೇರುವುದಿಲ್ಲ. ಬೆಳಿಗ್ಗೆ ಮಲದ ಜೊತೆ ಹೊರಗೆ, ಅಲ್ಲಿಗೆ ಕಥೆ ಮುಗಿಯಿತು. ಈಗ ನೀವು ಹಾಲು ಮೊಸರು ನಿಲ್ಲಿಸಿದಿರಿ. ಕರುಳಿನಲ್ಲಿ ಆಕ್ಸಲೇಟ್‌ಗೆ ಜೊತೆ ಸಿಗಲಿಲ್ಲ. ಅದು ಒಂಟಿಯಾಗಿ ರಕ್ತಕ್ಕೆ ಸೇರಿ, ಸೋಸಿಕೊಂಡು ಮೂತ್ರಕ್ಕೆ ಬರುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಯಾವಾಗಲೂ ಇದ್ದೇ ಇರುತ್ತದೆ, ನೀವು ಹಾಲು ಕುಡಿಯಿರಿ, ಬಿಡಿ. ಊಟದಲ್ಲಿ ಸಾಲದಿದ್ದರೆ ಶರೀರ ಮೂಳೆಯಿಂದ ತೆಗೆದುಕೊಳ್ಳುತ್ತದೆ. ಕರುಳಿನಲ್ಲಿ ಆಗಬೇಕಿದ್ದ ಮದುವೆ ಕಿಡ್ನಿಯಲ್ಲಿ ನಡೆಯುತ್ತದೆ. ಹಾಲು ಬಿಟ್ಟು ನೀವು ಗಳಿಸಿದ್ದು ಇದು: ಕಲ್ಲೂ ಉಳಿಯಿತು, ಮೂಳೆಯೂ ಸವೆಯಿತು.

ಇದು ಬರೀ ಬಾಯಿಮಾತಿನ ತರ್ಕ ಅಲ್ಲ. 1993ರಲ್ಲಿ ಅಮೆರಿಕದ ಹಾರ್ವರ್ಡ್‌ನವರು 45,000ಕ್ಕೂ ಹೆಚ್ಚು ಗಂಡಸರ ಊಟವನ್ನೂ ಕಲ್ಲನ್ನೂ ನಾಲ್ಕು ವರ್ಷ ಹಿಂಬಾಲಿಸಿದ ಲೆಕ್ಕ ಕೊಟ್ಟರು. ಊಟದಲ್ಲಿ ಕ್ಯಾಲ್ಸಿಯಂ ಎಲ್ಲರಿಗಿಂತ ಜಾಸ್ತಿ ಇದ್ದವರಿಗೆ ಕಲ್ಲು ಆಗುವ ಸಂಭವ, ಎಲ್ಲರಿಗಿಂತ ಕಡಿಮೆ ಇದ್ದವರಿಗಿಂತ ಮೂರನೇ ಒಂದು ಪಾಲು ಕಡಿಮೆ. ಆಮೇಲೆ ಇಟಲಿಯಲ್ಲಿ ಕಲ್ಲು ಪದೇ ಪದೇ ಆಗುವ 120 ಗಂಡಸರನ್ನು ಎರಡು ಗುಂಪು ಮಾಡಿದರು. 60 ಜನಕ್ಕೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ. ಉಳಿದ 60 ಜನಕ್ಕೆ ಕ್ಯಾಲ್ಸಿಯಂ ಮಾಮೂಲಿಯಷ್ಟೇ, ಆದರೆ ಉಪ್ಪು ಮತ್ತು ಮಾಂಸಕ್ಕೆ ಕತ್ತರಿ. ಐದು ವರ್ಷ ಕಳೆದ ಮೇಲೆ, 2002ರಲ್ಲಿ, ಫಲಿತಾಂಶ ಬಂತು. ಕ್ಯಾಲ್ಸಿಯಂ ಬಿಟ್ಟವರಲ್ಲಿ 23 ಜನಕ್ಕೆ ಮತ್ತೆ ಕಲ್ಲು. ಇನ್ನೊಂದು ಗುಂಪಿನಲ್ಲಿ 12.

ಅದು 12ಕ್ಕೇ ನಿಂತದ್ದರ ಹಿಂದೆ ಉಪ್ಪು ಕಡಿಮೆ ಮಾಡಿದ್ದರ ಪಾಲೂ ಇದೆ. ಉಪ್ಪು ಹೆಚ್ಚು ತಿಂದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ನಮ್ಮವರು ಹಾಲಿನ ಲೋಟ ದೂರ ತಳ್ಳಿ, ಅದೇ ಊಟಕ್ಕೆ ಎರಡು ಹೋಳು ಉಪ್ಪಿನಕಾಯಿ, ಮೇಲೊಂದು ಹಪ್ಪಳ, ಬಾಳಕದ ಮೆಣಸಿನಕಾಯಿ ಹಾಕಿಕೊಳ್ಳುತ್ತಾರೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ನಿಮ್ಮ ಮನೆಯಲ್ಲಿ ಬಂದ್ ಮಾಡಲೇಬೇಕು ಅಂದರೆ ಉಪ್ಪಿನಕಾಯಿ ಭರಣಿ ಬಂದ್ ಮಾಡಿ.

ಪಾಲಕ್ ಪ್ರೀತಿ ಇದ್ದರೆ ತಂಬುಳಿ ಮಾಡಿ, ಅಥವಾ ಜೊತೆಗೆ ಮೊಸರು ಇಟ್ಟುಕೊಳ್ಳಿ. ಅಜ್ಜಿಯಂದಿರು ಸೊಪ್ಪನ್ನು ಮಜ್ಜಿಗೆಯಲ್ಲಿ ಕಲಸಿದ್ದು ಕಿಡ್ನಿಗೆಂದು ಅಲ್ಲ, ರುಚಿಗೆ. ಆದರೂ ಲೆಕ್ಕ ಸರಿಯಾಗಿದೆ! ರಾಗಿಯೂ ಅಷ್ಟೇ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ನಿಮ್ಮ ಶತ್ರು ಅಲ್ಲ. ಕ್ಯಾಲ್ಸಿಯಂ ಮಾತ್ರೆಯ ಮಾತು ಮಾತ್ರ ಬೇರೆ. ಅದರಿಂದ ಕಲ್ಲು ಸ್ವಲ್ಪ ಹೆಚ್ಚಬಹುದು. ತೆಗೆದುಕೊಳ್ಳುತ್ತಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆ ತೆಗೆದುಕೊಳ್ಳಿ.

ಬಾಳೆದಿಂಡು? ತಿನ್ನಿ, ಪಲ್ಯ ಚೆನ್ನಾಗಿರುತ್ತದೆ, ಕಲ್ಲನ್ನು ಕರಗಿಸುವುದಿಲ್ಲ. ಬಿಯರ್? ಅದಕ್ಕೆ ನನ್ನ ಚೀಟಿ ಯಾಕೆ ಬೇಕು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನಿಂಬೆಹಣ್ಣಿನ ನೀರು ಒಳ್ಳೆಯದು, ಅದರ ಹುಳಿಯಲ್ಲಿರುವ ಸಿಟ್ರೇಟ್, ಹರಳು ಕಟ್ಟುವುದನ್ನು ತಡೆಯುತ್ತದೆ. ಸಕ್ಕರೆ, ಉಪ್ಪು ಸುರಿಯಬೇಡಿ ಅಷ್ಟೆ. ನೋವಿನ ಜೊತೆ ಚಳಿಜ್ವರ ಬಂದರೆ, ಅಥವಾ ಮೂತ್ರವೇ ನಿಂತುಹೋದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಕಲ್ಲು ಬಿದ್ದರೆ ಎಸೆಯಬೇಡಿ. ಹೋದ ವರ್ಷ ಒಬ್ಬ ರೈತರು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ತಂದಿದ್ದರು. ಎಳ್ಳಿಗಿಂತ ಚೂರು ದೊಡ್ಡದು, ಕಂದು ಬಣ್ಣ, ಮೈತುಂಬ ಮುಳ್ಳು. 'ಇಷ್ಟೇ ಇಷ್ಟು, ನನ್ನ ನೆಲಕ್ಕೆ ಉರುಳಿಸಿತಲ್ಲ ಸಾರ್' ಅಂದರು. ಅದನ್ನು ಲ್ಯಾಬಿಗೆ ಕಳಿಸಿದರೆ ಜಾತಿ ಖಚಿತವಾಗಿ ಗೊತ್ತಾಗುತ್ತದೆ. ಯೂರಿಕ್ ಆಸಿಡ್ ಕಲ್ಲಾದರೆ ಔಷಧದಿಂದಲೇ ಕರಗಿಸಬಹುದು.

ಎಲ್ಲಕ್ಕಿಂತ ಮುಖ್ಯ ನೀರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಕುಡಿದದ್ದಲ್ಲ, ಹೋದದ್ದು ಎರಡೂವರೆ. ಬಿಸಿಲಲ್ಲಿ ಬೆವರುವವರು ಇನ್ನೂ ಜಾಸ್ತಿ ಕುಡಿಯಬೇಕು.

ಇದನ್ನು ಆ ರೈತರಿಗೆ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಜೋರಾಗಿ ತಲೆಯಾಡಿಸುತ್ತಿದ್ದರು. ನೀವು ಎಷ್ಟು ಕುಡೀತೀರಮ್ಮ ಅಂತ ಕೇಳಿದೆ. ಯಾರೂ ಕೇಳದ ಪ್ರಶ್ನೆ ಇದು. ಕಲ್ಲು ಗಂಡಸರಲ್ಲೇ ಜಾಸ್ತಿ ನಿಜ. ಆದರೆ ಮೂತ್ರದ ಸೋಂಕು ಹೆಂಗಸರಲ್ಲಿ ತುಂಬಾ ಜಾಸ್ತಿ, ಏಕೆಂದರೆ ಚೀಲದಿಂದ ಹೊರಗಿನ ದಾರಿ ಅವರಲ್ಲಿ ಬರೀ 4 ಸೆಂಟಿಮೀಟರ್. ಕ್ರಿಮಿಗೆ ಅದೇನು ದೂರ? ನೀರು ಕಡಿಮೆ ಕುಡಿದು, ಗಂಟೆಗಟ್ಟಲೆ ತಡೆದುಕೊಂಡರೆ ಒಳಗೆ ಸೇರಿದ ಕ್ರಿಮಿ ಕೊಚ್ಚಿಹೋಗುವುದಿಲ್ಲ. ಉರಿ ಶುರುವಾದರೆ 'ಉಷ್ಣ ಆಗಿದೆ' ಅಂತ ಎರಡು ಎಳನೀರು ಕುಡಿದು ಸುಮ್ಮನಾಗುತ್ತಾರೆ.

ಆಕೆ ನಕ್ಕರು. 'ಬಸ್ಸಲ್ಲಿ ಬಂದಿದೀವಿ ಡಾಕ್ಟ್ರೇ. ಬೆಳಿಗ್ಗೆ ಕಾಫಿ ಕುಡಿದದ್ದೇ. ಇನ್ನು ಮನೆಗೆ ಹೋದ ಮೇಲೆ.' ಆಗ ಮಧ್ಯಾಹ್ನ ಎರಡೂವರೆ. ಮಡಿಲಲ್ಲಿ ಗಂಡನಿಗೆಂದು ತಂದಿದ್ದ ನೀರಿನ ಬಾಟಲಿ ಇತ್ತು. ಅರ್ಧ ಖಾಲಿಯಾಗಿತ್ತು, ಅಷ್ಟೂ ಗಂಡನೇ ಕುಡಿದದ್ದು.