ಹಡಗಿನ ಗೋಡೆಯಲ್ಲಿ ಕಟ್ಟಿಗೆ ಇಲ್ಲ

ದೀಪಾವಳಿ ರಜೆ ಮುಗಿದ ಮೇಲೆ ನನ್ನ ಕಚೇರಿಗೆ ಬರುವವರ ಮೊಬೈಲಿನಲ್ಲಿ ಈಗೀಗ ಹಡಗಿನ ಫೋಟೊಗಳೇ ಹೆಚ್ಚು. ಮುಂಬೈಯಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಕ್ರೂಸ್ ಹೋಗಿ ಬಂದ ಹುಬ್ಬಳ್ಳಿ-ಧಾರವಾಡದ ಕುಟುಂಬಗಳು ಹೊಸ ಮನೆಯ ನಕ್ಷೆಯ ಜೊತೆಗೆ ಆ ಫೋಟೊಗಳನ್ನೂ ಮುಂದಿಟ್ಟು, "ಸರ್, ನಮ್ಮ ಪಡಸಾಲಿ ಹಿಂಗ ಕಾಣಬೇಕ್ರಿ, ಗ್ವಾಡಿ ತುಂಬ ಕಟಗಿ ಇರಲಿ, ಖರ್ಚಿಗೆ ಹಿಂದ ಮುಂದ ನೋಡಬ್ಯಾಡ್ರಿ" ಎನ್ನುತ್ತಾರೆ. ಅವರ ಉತ್ಸಾಹ ನನಗೂ ಸಂತೋಷವೇ. ಆದರೆ ಫೋಟೊದಲ್ಲಿರುವುದು ಕಟ್ಟಿಗೆಯಲ್ಲ ಎಂಬ ಒಂದು ಮಾತನ್ನು ವರ್ಷಕ್ಕೆ ಎಷ್ಟು ಸಲ ಹೇಳಿದರೂ ಅದು ಯಾರ ಮನಸ್ಸಿಗೂ ಇಳಿಯುತ್ತಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಊರಿಗೆ ಮರಳಿ ಮನೆಗಳ ಒಳಾಂಗಣ ವಿನ್ಯಾಸಕ್ಕೆ ಕೈಹಾಕುವ ಮೊದಲು ನಾನು ಕೆಲವು ವರ್ಷ ಪ್ರಯಾಣಿಕರ ಹಡಗುಗಳ ಕ್ಯಾಬಿನ್ ಜೋಡಿಸುವ ಕೆಲಸದಲ್ಲಿದ್ದೆ. ಅಲ್ಲಿಂದ ತಂದ ಅಂಗೈಯಗಲದ ಒಂದು ಗೋಡೆಯ ತುಂಡು ಇಂದಿಗೂ ನನ್ನ ಮೇಜಿನ ಮೇಲಿದೆ. ಮೇಲಿನಿಂದ ನೋಡಿದರೆ ಎಳೆ ಎಳೆಯಾಗಿ ಕಾಣುವ ಸಾಗವಾನಿ. ಮೂವತ್ತು ವರ್ಷ ಉಳಿ ಹಿಡಿದ ಬಡಿಗೇರರೂ ಮೊದಲು ಸಾಗವಾನಿ ಎಂದೇ ಹೇಳಿದ್ದುಂಟು. ಅಂಚು ತಿರುಗಿಸಿ ನೋಡಿದರೆ ಎರಡು ತೆಳು ಉಕ್ಕಿನ ತಗಡು, ನಡುವೆ ಕಲ್ಲನ್ನು ಕರಗಿಸಿ ನೂಲಿನಂತೆ ಎಳೆದು ಒತ್ತಿದ ರಾಕ್‌ವೂಲ್, ಮುಖದ ಮೇಲೆ ಕಾಗದದಷ್ಟು ತೆಳ್ಳಗಿನ ಹಾಳೆ. ಕಟ್ಟಿಗೆಯೆಂದು ನಾವು ಕಂಡದ್ದು ಆ ಹಾಳೆಯ ಮೇಲಿನ ಚಿತ್ರವನ್ನು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಕ್ಯಾಬಿನ್ನಿನ ಗೋಡೆಗೂ ಅಂಟುತ್ತದೆ ಎಂಬುದನ್ನು ಹಡಗು ಹತ್ತಿದವರು ತಾವೇ ಪರೀಕ್ಷಿಸಿ ನೋಡಬಹುದು.

ಹೀಗೇಕೆ ಎಂದರೆ ಕಾರಣ ಬೆಂಕಿ. ನಡುಸಮುದ್ರದಲ್ಲಿ ಅಗ್ನಿಶಾಮಕದ ಗಾಡಿ ಬರುವುದಿಲ್ಲ. 1934ರ ಸೆಪ್ಟೆಂಬರಿನಲ್ಲಿ ಹವಾನಾದಿಂದ ನ್ಯೂಯಾರ್ಕಿಗೆ ಮರಳುತ್ತಿದ್ದ ಮೊರೊ ಕ್ಯಾಸಲ್ ಎಂಬ ಹಡಗಿನಲ್ಲಿ ಬೆಂಕಿ ಹತ್ತಿ 137 ಜನ ಸತ್ತರು. ಅದರ ಅಂದಚಂದದ ಕಟ್ಟಿಗೆಯ ಹೊದಿಕೆಗಳೇ ಬೆಂಕಿಗೆ ದಾರಿಯಾದವು. ಆ ದುರಂತ ಹಡಗು ಕಟ್ಟುವವರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕೂತಿತೆಂದರೆ, 1952ರಲ್ಲಿ ಮೊದಲ ಯಾನ ಮಾಡಿದ, ಯುನೈಟೆಡ್ ಸ್ಟೇಟ್ಸ್ ಎಂಬ ಹೆಸರಿನ ಹಡಗಿನ ವಿನ್ಯಾಸಕ ವಿಲಿಯಂ ಫ್ರಾನ್ಸಿಸ್ ಗಿಬ್ಸ್, ಪಿಯಾನೊಗಳು ಮತ್ತು ಅಡುಗೆಮನೆಯ ಮಾಂಸ ಕತ್ತರಿಸುವ ಕೊರಡುಗಳನ್ನು ಬಿಟ್ಟು ಒಳಾಂಗಣದಲ್ಲಿ ಹೆಚ್ಚುಕಡಿಮೆ ಬೇರೆಲ್ಲಿಯೂ ಕಟ್ಟಿಗೆ ಬಳಸಗೊಡಲಿಲ್ಲ.

ಇಂದಿನ ಹಡಗುಗಳಿಗೆ ಸೋಲಾಸ್ ಎಂಬ, ಸಮುದ್ರದಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದದ ನಿಯಮಗಳಿವೆ. ಅದರಲ್ಲಿರುವ ಒಂದು ಲೆಕ್ಕವನ್ನು ನಾನು ಎಲ್ಲರಿಗೂ ಮಾಡಿ ತೋರಿಸುತ್ತೇನೆ. ಒಂದು ಕೋಣೆಯ ಹೊದಿಕೆ, ಪಟ್ಟಿ, ಅಲಂಕಾರಗಳಲ್ಲಿ ಸುಡಬಲ್ಲ ವಸ್ತು ಒಟ್ಟು ಎಷ್ಟಿರಬಹುದೆಂದರೆ, ಗೋಡೆ ಮತ್ತು ಸೀಲಿಂಗಿನ ಇಡೀ ಕ್ಷೇತ್ರಕ್ಕೆ 2.5 ಮಿಲಿಮೀಟರ್ ದಪ್ಪದ ವಿನಿಯರ್, ಅಂದರೆ ಕಟ್ಟಿಗೆಯ ತೆಳು ಪದರ, ಹೊದಿಸಿದರೆ ಎಷ್ಟಾಗುತ್ತದೋ ಅಷ್ಟು ಮಾತ್ರ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ನಮ್ಮ ಸಾಧಾರಣ ಪಡಸಾಲೆಗೆ ಅಳೆದರೆ ಗೋಡೆ 540, ಸೀಲಿಂಗ್ 180, ಒಟ್ಟು 720 ಚದರಡಿ. ಅದಕ್ಕೆ ಸಿಗುವ ಪಾಲು ಸುಮಾರು ಆರು ಘನ ಅಡಿ. ಟಿ.ವಿ. ಇರುವ ಉದ್ದನೆಯ ಒಂದೇ ಗೋಡೆಗೆ 19 ಮಿಲಿಮೀಟರಿನ ಪ್ಲೈವುಡ್ ಹೊದಿಸಿದರೆ ಒಂಬತ್ತು ಘನ ಅಡಿ ದಾಟುತ್ತದೆ. ಪೀಠೋಪಕರಣಕ್ಕೆ ಬೇರೆ ನಿಯಮಗಳಿರುವುದರಿಂದ ಅದನ್ನು ಇಲ್ಲಿ ಹಿಡಿದಿಲ್ಲ. ನಾಲ್ಕೂ ಗೋಡೆಗೆ ಕಟ್ಟಿಗೆ, ಮೇಲೆ ಪಿವಿಸಿ ಸೀಲಿಂಗ್, ಅದರೊಳಗೆ ಸುತ್ತಲೂ ಎಲ್‌ಇಡಿ ಪಟ್ಟಿ ಹಾಕಿಸಿಕೊಂಡು "ಹಡಗಿನಂಗ ಆತು" ಎನ್ನುವವರ ಮನೆ, ಹಡಗಿನ ವಿನ್ಯಾಸಕ್ಕೆ ತೀರಾ ತದ್ವಿರುದ್ಧವಾದದ್ದು. ಹಡಗಿನ ಬಣ್ಣವನ್ನಷ್ಟೇ ತಂದಿರುತ್ತಾರೆ, ಹಡಗಿನವರು ಜೀವಭಯದಿಂದ ಹೊರಗಿಟ್ಟದ್ದನ್ನೆಲ್ಲ ಒಳಗೆ ತುಂಬಿರುತ್ತಾರೆ.

ಇದಕ್ಕೆ ಧಾರವಾಡದ ಕಡೆಯ ಹಿರಿಯರಿಂದ ಒಂದು ಮಾತು ತಪ್ಪದೆ ಬರುತ್ತದೆ: "ನಮ್ಮಜ್ಜನ ವಾಡೇ ಪೂರಾ ಸಾಗವಾನೀದು, ನೂರು ವರ್ಷ ಆತು, ಏನಾಗೇತಿ?" ಅದು ನ್ಯಾಯವಾದ ಪ್ರಶ್ನೆ. ಒಂದಡಿ ದಪ್ಪದ ಕಂಬಕ್ಕೆ ಬೆಂಕಿ ತಾಗಿದರೆ ಹೊರಮೈ ಇದ್ದಿಲಾಗಿ, ಆ ಇದ್ದಿಲೇ ಒಳಗಿನ ತಿರುಳನ್ನು ಬಹಳ ಹೊತ್ತು ಕಾಯುತ್ತದೆ. ತೆಳು ಪ್ಲೈ, ಅಂಟು, ಫೋಮು, ಪ್ಲಾಸ್ಟಿಕ್ ಹಾಳೆಗಳಿಗೆ ಆ ಗುಣವಿಲ್ಲ. ಅವು ಬೇಗ ಹೊತ್ತಿಕೊಳ್ಳುತ್ತವೆ, ಉರಿಗಿಂತ ಮೊದಲು ಅವುಗಳ ಹೊಗೆ ಮನುಷ್ಯನನ್ನು ಕೆಡವುತ್ತದೆ.

ಕೆಲವು ವರ್ಷಗಳ ಹಿಂದೆ ಕೇಶ್ವಾಪುರದ ಕಡೆಯ ಒಂದು ಮನೆಯನ್ನು ದುರಸ್ತಿಗೆಂದು ನೋಡಲು ಕರೆದಿದ್ದರು. ಟಿ.ವಿ. ಗೋಡೆಯ ಮೇಲ್ಭಾಗದ ವೈರಿಂಗಿನಿಂದ ಬೆಂಕಿ ಹತ್ತಿರಬೇಕೆಂದು ವಿದ್ಯುತ್ ಕೆಲಸದವರು ಹೇಳಿದರು. ಪಡಸಾಲೆಯಿಂದಲೇ ಬಾಗಿಲಿಲ್ಲದ ಮೆಟ್ಟಿಲು ಮಾಳಿಗೆಗೆ ಏರುತ್ತಿತ್ತು, ಮಾಳಿಗೆಯಲ್ಲಿ ಅಜ್ಜಿಯ ಕೋಣೆ. ಬೆಂಕಿ ಹತ್ತಿದ ಸಂಜೆ ಅಜ್ಜಿ ಸಿದ್ಧಾರೂಢ ಮಠಕ್ಕೆ ಹೋಗಿದ್ದರು. ಬೆಂಕಿ ಮಾಳಿಗೆಯನ್ನು ಮುಟ್ಟಿಯೇ ಇರಲಿಲ್ಲ. ಆದರೆ ಅಜ್ಜಿಯ ಕೋಣೆಯ ಗೋಡೆ ನೆಲದಿಂದ ಒಂದೂವರೆ ಅಡಿಯ ತನಕ ಮಾತ್ರ ಬೆಳ್ಳಗಿತ್ತು; ಅದರ ಮೇಲೆ ನೂಲು ಹಿಡಿದು ಗೆರೆ ಹೊಡೆದಂತೆ ಸೂರಿನವರೆಗೂ ಕರಿ ಮಸಿ. ಮಂಚದ ಹಾಸಿಗೆ ಆ ಗೆರೆಗಿಂತ ಮೇಲಿತ್ತು. ನಾನು ಬಹಳ ಹೊತ್ತು ಆ ಗೆರೆಯನ್ನೇ ನೋಡುತ್ತ ನಿಂತಿದ್ದೆ.

ಹಡಗಿನ ಓಣಿಗಳಲ್ಲಿ ಪಾರಾಗುವ ದಾರಿಯ ಗುರುತಿನ ಬೆಳಕು ನೆಲದಿಂದ 300 ಮಿಲಿಮೀಟರಿಗಿಂತ ಮೇಲೆ ಇರಕೂಡದು ಎಂಬ ನಿಯಮ ಇರುವುದು ಇದಕ್ಕಾಗಿಯೇ. ಕವುಚಿಕೊಂಡು ಅಂಬೆಗಾಲಿಟ್ಟು ಹೋಗುವವನ ಕಣ್ಣಿಗೆ ಕಾಣಬೇಕಾದ ಬೆಳಕು ಅದು. ಒಂದೇ ಕಡೆಗೆ ಹೊರದಾರಿ ಇರುವ ಕುರುಡು ಓಣಿಗೆ ಪ್ರಯಾಣಿಕರ ಹಡಗಿನಲ್ಲಿ ಪ್ರಯಾಣಿಕರು ಓಡಾಡುವ ಭಾಗದಲ್ಲಿ ಅವಕಾಶವೇ ಇಲ್ಲ. ಅನೇಕ ಅಂತಸ್ತುಗಳನ್ನು ಸೀಳಿಕೊಂಡು ನಿಂತ, ಗಾಜಿನ ಲಿಫ್ಟುಗಳ ಆ ಭವ್ಯ ಏಟ್ರಿಯಂ ಇದೆಯಲ್ಲ, ಅದರೊಳಗಿನ ಇಡೀ ಗಾಳಿಯನ್ನು ಹತ್ತು ನಿಮಿಷದೊಳಗೆ ಹೊರಗೆ ಎಳೆದು ಹಾಕುವಷ್ಟು ಶಕ್ತಿಯ ಫ್ಯಾನುಗಳನ್ನು ಕೂಡಿಸಿದ ಮೇಲೆಯೇ ಅಂಥ ತೆರೆದ ಜಾಗಕ್ಕೆ ಒಪ್ಪಿಗೆ. ಎರಡು ಅಂತಸ್ತಿನ ತೆರೆದ ಪಡಸಾಲೆ ಬೇಕೆಂದು ನಕ್ಷೆ ತರುವವರು ಆ ಫ್ಯಾನನ್ನು ಫೋಟೊದಲ್ಲಿ ಕಂಡಿರುವುದಿಲ್ಲ.

ಹಡಗಿನ ನಿಯಮ ಮನೆಗೆ ಕಾನೂನಲ್ಲ, ನಾನು ಅಗ್ನಿಸುರಕ್ಷೆಯ ಎಂಜಿನಿಯರನೂ ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಈ ವಿಷಯಕ್ಕೇ ಮೀಸಲಾಗಿದೆ. ನಿಮ್ಮ ಮನೆಗೆ ಅದರಲ್ಲಿ ಯಾವುದು ಅನ್ವಯಿಸುತ್ತದೆಂದು ತಿಳಿದವರನ್ನು ಕೇಳಿಕೊಳ್ಳುವುದು ಒಳ್ಳೆಯದು. ಕಟ್ಟಿಗೆಯೇ ಬೇಡವೆಂದೂ ನಾನು ಹೇಳುತ್ತಿಲ್ಲ. ಒಂದು ಗೋಡೆಗೆ ತೆಳು ವಿನಿಯರ್ ಸಾಕು, ಸೀಲಿಂಗಿಗೆ ಜಿಪ್ಸಂ ಇರಲಿ, ಮೆಟ್ಟಿಲ ಬದಿಯ ಗೋಡೆಗೆ ಗಾರೆ ಮತ್ತು ಸುಣ್ಣ ಬಿಟ್ಟು ಬೇರೇನೂ ಬೇಡ. ಹಡಗಿನಿಂದ ನಿಜವಾಗಿಯೂ ತರಬಹುದಾದದ್ದು ಬೇರೆ ಬಹಳ ಇದೆ: ಮಂಚದ ಕೆಳಗೆ ಸೂಟ್‌ಕೇಸು ಹಿಡಿಸುವ ಎತ್ತರ, ಮೊಳಕಾಲಿಗೆ ಬಡಿಯದ ದುಂಡು ಅಂಚುಗಳು, ನೀರು ಹೊರಗೆ ಹರಿಯದ ಬಚ್ಚಲ ಹೊಸ್ತಿಲು.

ಕೇಶ್ವಾಪುರದ ಆ ಮನೆಯಲ್ಲಿ ಮೆಟ್ಟಿಲಿಗೆ ಬಾಗಿಲು ಬಂತು, ಮಾಳಿಗೆಯ ಹಿಂಬದಿಯಿಂದ ಕಬ್ಬಿಣದ ಮತ್ತೊಂದು ಮೆಟ್ಟಿಲು ಬಂತು, ಎರಡೂ ಕಡೆ ಪ್ರತಿ ಮೆಟ್ಟಿಲ ಪಕ್ಕಕ್ಕೆ ಒಂದಡಿಗಿಂತ ಕೆಳಗೆ, ಕರೆಂಟು ಹೋದರೂ ಉರಿಯುವ ಸಣ್ಣ ದೀಪಗಳು ಬಂದವು. ಕೆಲಸ ಮುಗಿದ ದಿನ ಅಜ್ಜಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು, "ಕಾಲಿಗೆ ಬೆಳಕಾತು ನೋಡಪ್ಪಾ" ಎಂದು ಪಡಸಾಲೆಯ ಬರಿ ಗೋಡೆಯ ಕಡೆಗೆ ಬೆನ್ನು ಮಾಡಿ ಕುಳಿತರು.